ಹಿತ್ತಿಲ ಗೇಟು ತೆರೆದ ಕೈ

"ಇನ್ನೂ ಎಷ್ಟಿವೆ?"

"ಇದೊಂದೇ ಮೇಡಂ, ಕೊನೇದು."

ಟೈಲರಮ್ಮ ಹನ್ನೊಂದನೆಯ ಕುಂಡವನ್ನು ಎರಡೂ ಕೈಯಿಂದ ಎಳೆದು, ಗಿಡವನ್ನು ಬುಡಸಮೇತ ಕಿತ್ತು ಪಕ್ಕಕ್ಕಿಟ್ಟಳು. ಮಣ್ಣಿನೊಳಗೆ ಬೆರಳು ಆಡಿಸುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಕೈಗೆ ಏನೋ ತಗುಲಿತು. ಹಸಿರು ಬಟ್ಟೆಯ ಪುಟ್ಟ ಗಂಟೊಂದನ್ನು ಮೇಲೆತ್ತಿ, ನೆಲದ ಮೇಲೆ ಹಾಸಿದ್ದ ಪತ್ರಿಕೆಯ ಮೇಲಿಟ್ಟಳು.

ಅಲ್ಲೀಗ ಹನ್ನೊಂದು ಗಂಟುಗಳು. ಒಂದು ರವಿಕೆಯ ಚೂರು, ಒಂದು ಅಂಗಿಯ ಚೂರು, ಒಂದು ಶಾಲೆಯ ಸಮವಸ್ತ್ರದ ನೀಲಿ ಚೂರು. ಊರವರ ಬಟ್ಟೆ ಹೊಲಿದು ಉಳಿದ ತುಂಡುಗಳಲ್ಲಿ ಒಂದೊಂದು ಹಕ್ಕಿ. ಹಳೆಯವು ಬರೀ ಎಲುಬು, ಗರಿ. ಕೊನೆಯದಕ್ಕೆ ಇನ್ನೂ ಮೈ ಇತ್ತು.

ಹೆಬ್ಬೆರಳಷ್ಟು ದಪ್ಪದ ಹಕ್ಕಿ ಅದು. ಎಲೆಗಳನ್ನು ಹೊಲಿದು ಗೂಡು ಮಾಡುವ ಸಿಂಪಿಗ. ಕಡ್ಡಿಯಂಥ ಕಾಲಿನಲ್ಲಿ ಅಲ್ಯೂಮಿನಿಯಂ ಬಳೆ.

"ನನ್ನ ಕಸುಬಿನದೇ ಹಕ್ಕಿ," ಎಂದಳು ಟೈಲರಮ್ಮ. ನಗಲು ಹೋದಳು, ಆಗಲಿಲ್ಲ.

ಇನ್ಸ್‌ಪೆಕ್ಟರ್ ಮಂಡಿಯೂರಿ ಕೂತು ಬಳೆಯ ಮಣ್ಣನ್ನು ಉಗುರಿನಿಂದ ಕೆರೆದಳು. ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಅಂಕಿಗಳನ್ನು ಓದಿದಳು. ಏಳು, ಒಂದು, ಆರು.

ಅವಳ ಕೈ ಅಲ್ಲೇ ನಿಂತಿತು.

ಪಕ್ಕದ ಮನೆಯ ಹಕ್ಕಿ ಮೇಷ್ಟ್ರು ತಲೆಯ ಹಿಂಭಾಗಕ್ಕೆ ಬಿದ್ದ ಒಂದೇ ಏಟಿಗೆ ತಮ್ಮ ಹಿತ್ತಿಲಲ್ಲಿ ಸತ್ತು ಇವತ್ತಿಗೆ ನಾಲ್ಕನೇ ದಿನ. ಹೊಡೆದದ್ದು ಯಾವುದರಿಂದ ಎಂಬುದು ಇನ್ನೂ ಪತ್ತೆಯಾಗಿರಲಿಲ್ಲ. ಹೊಡೆದದ್ದು ಟೈಲರಮ್ಮನೇ ಎಂದು ಬೀದಿಗೆ ಬೀದಿಯೇ ತೀರ್ಮಾನ ಮಾಡಿಯಾಗಿತ್ತು. ಶಾಲೆಯಿಂದ ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಇದ್ದದ್ದು ಒಂದೇ ಕೆಲಸ: ಹಿತ್ತಿಲಿಗೆ ಬರುವ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ತೂಗಿ, ಕಾಲಿಗೆ ನಂಬರಿನ ಬಳೆ ಹಾಕಿ ಬಿಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು. ಆ ಪುಸ್ತಕದ ಕೊನೆಯ ಸಾಲು ಇನ್ಸ್‌ಪೆಕ್ಟರಿಗೆ ಬಾಯಿಪಾಠವಾಗಿತ್ತು. ಮಂಗಳವಾರ, ಬೆಳಿಗ್ಗೆ ಎಂಟು ನಲವತ್ತು. ಸಿಂಪಿಗ. ಏಳು ನೂರಾ ಹದಿನಾರು.

"ಇದನ್ನ ನಿಮ್ಮ ಬೆಕ್ಕು ಯಾವಾಗ ತಂತು?"

"ಅವತ್ತೇ. ಅವರು ಸತ್ತ ದಿನ. ಒಂಬತ್ತಕ್ಕೆ ಐದೋ ಹತ್ತೋ ನಿಮಿಷ ಇತ್ತು."

"ಸರಿಯಾಗಿ ನೆನಪಿದೆಯಾ?"

"ಒಂಬತ್ತಕ್ಕೆ ಒಬ್ರು ಬ್ಲೌಸ್ ತಗೊಂಡು ಹೋಗೋಕೆ ಬರ್ತೀನಿ ಅಂದಿದ್ರು. ಗುಂಡಿ ಹಾಕ್ತಾ ಕೂತಿದ್ದೆ. ಬಂದು ಮಿಷಿನ್ ಪೆಡಲ್ ಮೇಲೆ, ನನ್ನ ಪಾದದ ಹತ್ರಾನೇ ಇಡ್ತು. ಯಾವಾಗ್ಲೂ ಅಲ್ಲೇ ಇಡೋದು. ನನಗೆ ಅಂತ ತರೋದು ಅದು."

ಮಾತಿಗೆ ಕಾರಣವಾದ ಪ್ರಾಣಿ ಹೊಲಿಗೆ ಯಂತ್ರದ ಮೇಲೆ ಮಲಗಿತ್ತು. ಹೆಸರು ದೊರೆ. ಬೂದುಬಣ್ಣ, ದಪ್ಪ ಕುತ್ತಿಗೆ, ಮೈತುಂಬ ಸೋಮಾರಿತನ. ಬಾಲದ ತುದಿಗೆ ಬಿಳಿ ಬಟ್ಟೆ ಸುತ್ತಿತ್ತು.

"ಹೊಟ್ಟೆಗೆ ಸರಿಯಾಗಿ ಹಾಕ್ತೀರಿ ತಾನೇ?" ಎಂದು ಹಿರಿಯ ಪೇದೆ ಮಧ್ಯೆ ಬಾಯಿ ಹಾಕಿದ.

"ನಾನು ತಿನ್ನೋಕೆ ಮುಂಚೆ ಅದಕ್ಕೆ ಹಾಕ್ತೀನಿ. ಹಸಿವಿಗಲ್ಲ ಸಾರ್ ಅದು. ಪುಟಪುಟ ಅಲ್ಲಾಡೋದು ಕಂಡ್ರೆ ಸಾಕು, ಅದರ ಮೈಮೇಲೆ ಬೇರೆ ಯಾರೋ ಬಂದು ಕೂತ ಹಾಗಾಗುತ್ತೆ. ನನ್ನ ಮಡಿಲಲ್ಲಿ ಮಲಗೋದು ಇದೇನಾ ಅನ್ನಿಸುತ್ತೆ." ಅವಳು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಮೇಷ್ಟ್ರು ಬಂದು ಕೊರಳಿಗೆ ಗೆಜ್ಜೆ ಕಟ್ಟಿ ಅಂದ್ರು. ಕಟ್ಟಿದೆ. ಹದಿನೈದು ದಿನದಲ್ಲಿ ಗೆಜ್ಜೆ ಅಲ್ಲಾಡದ ಹಾಗೆ ನಡೆಯೋದು ಕಲಿತುಬಿಡ್ತು. ಮನೆಯೊಳಗೆ ಕೂಡಿಹಾಕಿ ಅಂದ್ರು. ಹಾಕಿದೆ. ಅಳು ಕೇಳೋಕಾಗ್ದೆ ಬಿಟ್ಟೆ. ಆಮೇಲೆ ವಿಷ ಹಾಕ್ತೀನಿ ಅಂದ್ರು. ಅವತ್ತಿಂದ ತಂದದ್ದನ್ನೆಲ್ಲ ಹೂತಿಡ್ತಾ ಬಂದೆ. ಮುಚ್ಚಿಟ್ಟದ್ದು ತಪ್ಪೇ. ಆದ್ರೆ ಮೇಡಂ, ಹಕ್ಕಿ ಮುಚ್ಚಿಟ್ಟವಳು ಮನುಷ್ಯರನ್ನ ಹೊಡೀತಾಳಾ?"

"ಅವತ್ತು ಒಂಬತ್ತಕ್ಕೆ ಅವರ ಮನೆ ಮುಂದೆ ನಿಂತು ಕೂಗಾಡಿದ್ದು ನೀವೇ ತಾನೇ? ಬೀದಿಯವರೆಲ್ಲ ಕೇಳಿಸಿಕೊಂಡಿದ್ದಾರೆ."

"ಕೂಗದೆ ಇನ್ನೇನು ಮಾಡ್ಲಿ? ಬಾಲ ನೋಡಿ ಅದರದು!"

ಅವಳು ಬೆಕ್ಕನ್ನು ಎತ್ತಿ ತಂದು ಬಟ್ಟೆ ಬಿಚ್ಚಿದಳು. ಬಾಲದ ತುದಿ ಎರಡು ಬೆರಳಷ್ಟು ಜಜ್ಜಿಹೋಗಿತ್ತು. ಅಡ್ಡಕ್ಕೆ, ನೇರ ಗೆರೆ ಎಳೆದ ಹಾಗೆ.

"ಕಲ್ಲಿನ ಏಟಲ್ಲ," ಎಂದಳು ಇನ್ಸ್‌ಪೆಕ್ಟರ್.

"ನಾನು ಕಲ್ಲು ಅಂದ್ಕೊಂಡೇ ಬೈಯೋಕೆ ಓಡಿದ್ದು. ಮುಂಬಾಗಿಲು ಬಡಿದೆ, ಕೂಗಿದೆ. ಯಾರೂ ಬರ್ಲಿಲ್ಲ. ಅವರಾಗ್ಲೇ ಹಿಂದೆ ಬಿದ್ದಿದ್ರೋ ಏನೋ. ನಾನು ಆ ಮನುಷ್ಯನ ವಂಶಾನೇ ಜಾಲಾಡ್ತಾ ನಿಂತಿದ್ದೆ." ಅವಳ ದನಿ ಬಿದ್ದುಹೋಯಿತು. "ಸತ್ತವರನ್ನ ಬೈದೆ, ನೋಡಿ."

ದೊರೆಗೆ ಹಿಂದಿನ ಬಲಗಾಲು ನೆಟ್ಟಗಿರಲಿಲ್ಲ. ಎರಡು ವರ್ಷದ ಹಿಂದೆ ಸ್ಕೂಟರಿನ ಚಕ್ರಕ್ಕೆ ಸಿಕ್ಕದ್ದು. ನೆಲದ ಮೇಲೆ ಹೊಟ್ಟೆ ತೆವಳಿಸಿಕೊಂಡು ಹೋಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕುರ್ಚಿ ಹತ್ತಬೇಕಾದರೂ ಟೈಲರಮ್ಮನ ಮುಖ ನೋಡಬೇಕು. ಇನ್ಸ್‌ಪೆಕ್ಟರ್ ಎದ್ದು ನಿಂತು ಮೇಷ್ಟ್ರ ಹಿತ್ತಿಲ ಬೇಲಿಯನ್ನು ನೋಡಿದಳು. ಆಳೆತ್ತರದ ತಂತಿ ಜಾಲರಿ, ಮೇಲ್ತುದಿ ಹೊರಕ್ಕೆ ಬಾಗಿದೆ, ಬುಡಕ್ಕೆ ಸಿಮೆಂಟು. ಬೆಕ್ಕು ನುಗ್ಗಬಾರದೆಂದೇ ಮೇಷ್ಟ್ರು ತಮ್ಮ ಕೈಯಾರೆ ಕಟ್ಟಿದ ಬೇಲಿ.

"ಇದು ಒಳಗೆ ಹೋಗ್ತಿದ್ದದ್ದು ಹೇಗೆ?"

"ಅದೇ ನನಗೂ ಗೊತ್ತಿಲ್ಲ ಮೇಡಂ. ಬೆಳಿಗ್ಗೆ ಎಂಟಾಯ್ತು ಅಂದ್ರೆ ಓಣಿಗೆ ಹೋಗಿ ಅವರ ಗೇಟಿನ ಮುಂದೆ ಕೂತ್ಕೊಳ್ತಿತ್ತು. ಆಫೀಸಿಗೆ ಹೋಗೋರ ಹಾಗೆ. ಭಾನುವಾರ ಮಾತ್ರ ಏನೂ ತರ್ತಿರ್ಲಿಲ್ಲ. ಭಾನುವಾರ ರಜಾ ಅದಕ್ಕೆ."

ಪೇದೆ ಕಿಸಕ್ಕೆಂದು ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ.

ಮೇಷ್ಟ್ರಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಆ ಮನೆಯಲ್ಲಿ ಭಾನುವಾರ ರಜಾ ಇದ್ದದ್ದು ಒಬ್ಬರಿಗೆ ಮಾತ್ರ.

ಓಣಿಗೆ ಬಂದು ಅವಳು ಹಿತ್ತಿಲ ಗೇಟನ್ನು ಅಂಗುಲ ಅಂಗುಲ ನೋಡಿದಳು. ಕಬ್ಬಿಣದ ಚೌಕಟ್ಟಿನ ಕೆಳಮೂಲೆಯಲ್ಲಿ, ಗೇಟು ಕಂಬಕ್ಕೆ ತಗುಲುವ ಕಡೆ, ನಾಲ್ಕಾರು ಬೂದು ಕೂದಲು ಒಣಗಿದ ರಕ್ತದಲ್ಲಿ ಅಂಟಿಕೊಂಡಿದ್ದವು. ಬಾಯಲ್ಲಿ ಹಕ್ಕಿ ಕಚ್ಚಿಕೊಂಡು ಬೆಕ್ಕು ಹೊರಬಂದಿದೆ. ಅದರ ಬೆನ್ನಿಗೇ ಹೊರಬಿದ್ದ ಯಾರೋ ಗೇಟನ್ನು ದಡಾರನೆ ಎಳೆದಿದ್ದಾರೆ. ಮೇಷ್ಟ್ರು ಸಿಂಪಿಗಕ್ಕೆ ಬಳೆ ತೊಡಿಸಿದ್ದು ಎಂಟು ನಲವತ್ತಕ್ಕೆ, ಬೆಕ್ಕು ಪೆಡಲಿನ ಹತ್ತಿರ ಬಂದದ್ದು ಒಂಬತ್ತಕ್ಕೆ ಮುಂಚೆ. ನಡುವಿನ ಆ ಹದಿನೈದು ನಿಮಿಷದಲ್ಲಿ ಹಿತ್ತಿಲಲ್ಲಿ ಮೇಷ್ಟ್ರು, ಬೆಕ್ಕು ಬಿಟ್ಟು ಮೂರನೆಯವರೊಬ್ಬರು ಇದ್ದರು.

"ಕೂದಲನ್ನ ಕವರಿಗೆ ಹಾಕಿ," ಎಂದು ಪೇದೆಗೆ ಹೇಳಿ ಅವಳು ಮುಂಬಾಗಿಲ ಕಡೆ ನಡೆದಳು.

*

ಬಾಗಿಲು ತೆಗೆದವನು ಮೇಷ್ಟ್ರ ಹೆಂಡತಿಯ ತಮ್ಮ. ಪಕ್ಕದ ಊರಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಭಾವ ಸತ್ತ ಸುದ್ದಿ ಫೋನಿನಲ್ಲಿ ತಿಳಿದು ಮಂಗಳವಾರ ಮಧ್ಯಾಹ್ನ ಮೂರರ ಬಸ್ಸಿಗೆ ಬಂದವನು, ಅಂದಿನಿಂದ ಅಕ್ಕನ ಮಗ್ಗುಲು ಬಿಟ್ಟಿರಲಿಲ್ಲ.

"ಅಕ್ಕ ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ ಮೇಡಂ. ಹೆಚ್ಚು ಹೊತ್ತು ಮಾತಾಡಿಸ್ಬೇಡಿ, ದಯವಿಟ್ಟು," ಎಂದ. ಬೆಣ್ಣೆಯಂಥ ದನಿ. "ಕುಡಿಯೋಕೆ ಏನಾದ್ರೂ ತರಲಾ?"

"ಬೇಡ. ನಿಮ್ಮಕ್ಕನ ಹತ್ರ ನಾನೊಬ್ಬಳೇ ಮಾತಾಡ್ಬೇಕು."

ಮೇಷ್ಟ್ರ ಹೆಂಡತಿ ಒಳಕೋಣೆಯಲ್ಲಿ ಟೈಪ್‌ರೈಟರಿನ ಮುಂದೆ ಕೂತಿದ್ದರು. ಯಂತ್ರದಲ್ಲಿ ಹಾಳೆ ಇರಲಿಲ್ಲ. ಊರಿನ ವಾಚನಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಗ್ರಂಥಪಾಲಕಿ. ಮಂಗಳವಾರ ಎಂಟೂವರೆಗೆ ಹಾಜರಿ ಹಾಕಿ, ಒಂದು ಗಂಟೆಯವರೆಗೆ ಕುರ್ಚಿ ಬಿಟ್ಟು ಏಳಲಿಲ್ಲವೆಂದು ಪತ್ರಿಕೆ ಓದಲು ಬಂದ ಹತ್ತು ಜನ ಹೇಳಿದ್ದರು. ಹಾಗಾಗಿ ಅವರನ್ನು ಇದುವರೆಗೆ ಯಾರೂ ಜೋರಾಗಿ ಪ್ರಶ್ನಿಸಿರಲಿಲ್ಲ.

ಇನ್ಸ್‌ಪೆಕ್ಟರ್ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಅಮ್ಮಾ, ನೀವು ಕೆಲಸಕ್ಕೆ ಹೋಗೋದು ಹಿಂದಿನ ಗೇಟಿಂದ ಅಲ್ವಾ?"

"ಹೌದು. ಓಣಿಯಲ್ಲಿ ಹತ್ತಿರ ಆಗುತ್ತೆ."

"ಚಿಲಕ ಒಳಗಡೆ ಇದೆ. ಹೊರಗೆ ಬಂದ ಮೇಲೆ ಹಾಕೋದು ಹೇಗೆ?"

"ಕಂಬದ ಪಕ್ಕ ಜಾಲರಿ ಸ್ವಲ್ಪ ಸಡಿಲ ಇದೆ. ಕೈ ತೂರಿಸಿದ್ರೆ ಚಿಲಕ ಸಿಗುತ್ತೆ."

"ಇದು ಯಾರ್ಯಾರಿಗೆ ಗೊತ್ತು?"

"ಮನೆಯವರಿಗೆ. ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ?"

"ದಿನಾ ಹಾಕಿ ಹೋಗ್ತಿದ್ರಾ?"

ಆಕೆ ತಲೆ ಎತ್ತಿದರು. ಆ ಪ್ರಶ್ನೆಗಾಗಿಯೇ ಬಹಳ ದಿನದಿಂದ ಕಾದವರ ಹಾಗೆ ಇತ್ತು ಆ ನೋಟ.

"ನಿಮಗೆ ಬೆಕ್ಕೇ ಹೇಳಿರಬೇಕು," ಎಂದರು.

"ಭಾನುವಾರ ಅದು ಹಕ್ಕಿ ಹಿಡೀತಿರ್ಲಿಲ್ಲ."

"ಜಾಣೆ ನೀವು." ಆಕೆ ಟೈಪ್‌ರೈಟರಿನ ಒಂದು ಕೀಲಿಯನ್ನು ಸುಮ್ಮನೆ ಒತ್ತಿದರು. ಅಚ್ಚು ಬರಿಗಾಳಿಗೆ ಬಡಿಯಿತು. "ಹಾಕ್ತಿರ್ಲಿಲ್ಲ. ಕೆಲವು ದಿನ ಹಾಕ್ತಿದ್ದೆ, ಕೆಲವು ದಿನ ಬೇಕಂತಲೇ ಬಿಡ್ತಿದ್ದೆ. ಎರಡು ವರ್ಷದಿಂದ. ಆ ಕುಂಟು ಬೆಕ್ಕು ಓಣಿಯಲ್ಲಿ ಕೂತು ನನ್ನ ಮುಖ ನೋಡ್ತಿತ್ತು. ಒಳಗೆ ಹೋಗು ಅಂತ ಗೇಟು ಸ್ವಲ್ಪ ಸರಿಸಿ ಹೋಗ್ತಿದ್ದೆ."

"ಯಾಕೆ?"

"ಯಾಕೆ ಅಂದ್ರೆ ಏನು ಹೇಳ್ಲಿ ಮಗಳೇ. ಮದುವೆಯಾಗಿ ಮೂವತ್ತೊಂದು ವರ್ಷ. ಅವರು ಕೆಟ್ಟವರಲ್ಲ. ಒಂದು ದಿನ ಕೈಯೆತ್ತಿದವರಲ್ಲ, ದನಿ ಎತ್ತಿದವರಲ್ಲ. ನನ್ನ ಕಡೆ ಕಣ್ಣೆತ್ತಿದವರೂ ಅಲ್ಲ. ಹೊಟ್ಟೆಯಲ್ಲಿದ್ದ ಮಗು ಹೋಗಿ ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರು ಬಂದದ್ದು ಮೂರನೇ ದಿನ. ಗೂಡಲ್ಲಿ ಮರಿ ಹೊರಡೋ ಹೊತ್ತು, ಬಿಟ್ಟು ಬರೋಕಾಗ್ಲಿಲ್ಲ ಅಂದ್ರು. ಸುಳ್ಳು ಹೇಳ್ಲಿಲ್ಲ, ನೋಡಿ. ಒಂದು ಸುಳ್ಳಾದ್ರೂ ಹೇಳಬಹುದಿತ್ತು."

ಹೊರಗೆ ಹಜಾರದಲ್ಲಿ ಕುರ್ಚಿಯ ಕಾಲು ಕಿರ್ರೆಂದಿತು.

"ಸಂಜೆ ಬಂದಾಗ ಅವರ ಮುಖ ನೋಡ್ತಿದ್ದೆ. 'ಇವತ್ತೂ ಒಂದು ಹೋಯ್ತು' ಅಂತಿದ್ರು. ಅವತ್ತು ನನ್ನ ಹತ್ರ ಹತ್ತು ನಿಮಿಷ ಮಾತಾಡ್ತಿದ್ರು. ಬೆಕ್ಕಿನ ಬಗ್ಗೇನೇ. ಆದ್ರೂ ಮಾತು ಮಾತೇ ತಾನೇ."

ಇನ್ಸ್‌ಪೆಕ್ಟರ್ ಚೀಲದಿಂದ ಮೇಷ್ಟ್ರ ಜೇಬುಪುಸ್ತಕವನ್ನು ಹೊರತೆಗೆದಳು. ಅದು ಸತ್ತವರ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದು. ಇರುವೆ ಸಾಲಿನಂಥ ಅಕ್ಷರ, ಅರ್ಧಕ್ಕರ್ಧ ಚುಟುಕು ಗುರುತುಗಳು. ಮೂರು ದಿನ ತಲೆ ಕೆರೆದುಕೊಂಡರೂ ಅವಳಿಗೆ ಪೂರ್ತಿ ಬಗೆಹರಿದಿರಲಿಲ್ಲ.

"ಅವರ ವರದಿಗಳನ್ನೆಲ್ಲ ಟೈಪ್ ಮಾಡ್ತಿದ್ದವರು ನೀವು. ಇದನ್ನ ಓದಿ ಹೇಳ್ತೀರಾ?"

"ಈ ಪುಸ್ತಕ ನನಗೆ ಕೊಡ್ತಿರ್ಲಿಲ್ಲ. ಬೇರೆ ಹಾಳೆಗೆ ಎತ್ತಿ ಬರೆದು ಕೊಡ್ತಿದ್ರು." ಆಕೆ ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. "ಇದು ಹೊತ್ತು. ಇದು ಹಕ್ಕಿ. ಇದು ಬಳೆಯ ನಂಬರು. ಇದು ತೂಕ. ಇಲ್ಲಿ ಹವೆ, ಬಿಸಿಲು, ಮೋಡ, ತಂಪು ಅಂತ. ಇದೇನಿದು..."

"ಅಂಚಿನಲ್ಲಿರೋದು. ನಾನು ಯಾವುದೋ ಹಕ್ಕಿಯ ಹೆಸರು ಅಂದ್ಕೊಂಡಿದ್ದೆ. 'ಗೇ. ತೆ. ಅ.' ನಲವತ್ತೇಳು ಸಲ ಬರೆದಿದ್ದಾರೆ."

ಆಕೆಯ ಬೆರಳು ಆ ಮೂರು ಅಕ್ಷರಗಳ ಮೇಲೆ ನಿಂತಿತು. ಹಿಂದಿನ ಪುಟಕ್ಕೆ ಹೋಯಿತು. ಅದರ ಹಿಂದಿನ ಪುಟಕ್ಕೆ. ತಾರೀಖುಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಾ ಹೋದರು. ಓದುತ್ತಾ ಓದುತ್ತಾ ಮುಖದ ಬಣ್ಣ ಇಳಿದುಹೋಯಿತು.

"ಗೇಟು ತೆರೆದಿದೆ," ಎಂದರು. "ಅ... ಅಂದ್ರೆ ಅವಳು."

ಇನ್ಸ್‌ಪೆಕ್ಟರ್ ಹಿತ್ತಿಲ ಕಡೆ ತಿರುಗಿ ನೋಡಿದಳು.

ಹಿತ್ತಿಲ ಮೂಲೆಯಲ್ಲಿ ಹಕ್ಕಿಗಳಿಗೆ ಕಾಣದಂತೆ ಕೂರಲು ಮೇಷ್ಟ್ರು ಗೋಣಿತಟ್ಟಿನ ಮರೆ ಕಟ್ಟಿಕೊಂಡಿದ್ದರು. ಅದರ ಕಿಂಡಿಯಿಂದ ಗೇಟು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿದ್ದುದನ್ನು ಇನ್ಸ್‌ಪೆಕ್ಟರ್ ಕೂತು ನೋಡಿದ್ದಳು. ಎರಡು ವರ್ಷ ಹೆಂಡತಿ ಚಿಲಕ ಬಿಟ್ಟು ಹೋಗುವುದನ್ನು ಆ ಮನುಷ್ಯ ನೋಡಿದ್ದಾರೆ. ಎದ್ದು ಹೋಗಿ ಹಾಕಿಲ್ಲ. ಕೇಳಿಲ್ಲ. ಬೆಕ್ಕು ಬಂದಿದೆ, ಹಕ್ಕಿ ಸತ್ತಿದೆ, ಮೇಷ್ಟ್ರು ಬರೆದುಕೊಂಡಿದ್ದಾರೆ. ವಿಷದ ಬೆದರಿಕೆ ಹಾಕಿದ್ದು ಮಾತ್ರ ಪಕ್ಕದ ಮನೆಯವಳಿಗೆ.

"ಹಾಗಾದ್ರೆ ನೋಡ್ತಿದ್ರು," ಎಂದರು ಆಕೆ. "ನಲವತ್ತೇಳು ದಿನ ನನ್ನನ್ನ ನೋಡಿದ್ದಾರೆ."

ಅಳುವಿರಬೇಕೆಂದು ಇನ್ಸ್‌ಪೆಕ್ಟರ್ ಎಣಿಸಿದಳು. ಆಕೆಯ ಗಂಟಲಿಂದ ಬಂದದ್ದು ಅಳುವಲ್ಲ. ಒಣ ನಗು. ಕೇಳಿದವರ ಬಾಯಿಯೂ ಕಹಿಯಾಗುವಂಥದ್ದು.

"ಅಮ್ಮಾ, ಮಂಗಳವಾರ ಚಿಲಕ ಹಾಕಿದ್ರಾ, ಬಿಟ್ರಾ?"

"ಹಾಕಿದೆ."

"ಗೇಟು ತೆರೆದಿತ್ತು. ಬೆಕ್ಕು ಒಳಗೆ ಹೋಗಿದೆ."

"ನಾನು ಹಾಕಿದೆ!" ಆಕೆಯ ದನಿ ಮೊದಲ ಸಲ ಏರಿತು. "ಅವತ್ತು ನಾನು ಹೊರಡುವಾಗ ಅವರು ಕರೆದ್ರು. 'ಬಾ ಇಲ್ಲಿ, ನೋಡು' ಅಂದ್ರು. ಎರಡು ಎಲೆ ಸೇರಿಸಿ ಹೊಲಿದ ಗೂಡು, ಒಳಗೆ ಮೂರು ಮರಿ. ನನ್ನ ಭುಜ ಹಿಡಿದು ಬಗ್ಗಿಸಿ ತೋರಿಸಿದ್ರು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಆಮೇಲೆ ಹೇಗೆ ಬಿಟ್ಟು ಹೋಗ್ಲಿ? ಕೈ ತೂರಿಸಿ ಚಿಲಕ ಹಾಕಿ, ಬಿದ್ದಿದೆಯಾ ಅಂತ ಎರಡು ಸಲ ಎಳೆದು ನೋಡಿ ಹೋದೆ."

ಇನ್ಸ್‌ಪೆಕ್ಟರ್ ಪುಸ್ತಕದ ಕೊನೆಯ ಪುಟ ತೆರೆದು ಮುಂದಿಟ್ಟಳು. ಎಂಟು ನಲವತ್ತು, ಸಿಂಪಿಗ, ಏಳು ನೂರಾ ಹದಿನಾರು. ಪಕ್ಕದಲ್ಲಿ, ಅಂಚಿನಲ್ಲಿ, ಅವಸರದ ಅಕ್ಷರ.

"ಇಲ್ಲಿ 'ಅ' ಇಲ್ಲ. ಬೇರೆ ಇದೆ. ಇಷ್ಟು ದಿನ ಕೈಬರಹ ಕೆಟ್ಟದ್ದು ಅಂದ್ಕೊಂಡೆ. ಅಲ್ಲ ಅಲ್ವಾ? ಇದು 'ತ'."

ಗೇ. ತೆ. ತ.

ಆಕೆ ಓದಿದರು. ಓದಿದ ಮೇಲೆ ಕಣ್ಣು ಹಾಳೆಯ ಮೇಲೆ ನಿಲ್ಲಲಿಲ್ಲ. ಬಾಗಿಲ ಕಡೆ ಹೋಗಿ, ಹೋದಷ್ಟೇ ಬೇಗ ವಾಪಸು ಬಂತು.

"ತ ಅಂದ್ರೆ... ತಂಪು. ಅವತ್ತು ಬೆಳಿಗ್ಗೆ ತಂಪಿತ್ತು."

"ಹವೆಗೆ ಬೇರೆ ಜಾಗ ಇದೆ ಅಂತ ಈಗ ತಾನೇ ನೀವೇ ಹೇಳಿದ್ರಿ. ಅಲ್ಲಿ 'ಬಿಸಿಲು' ಅಂತ ಬರೆದಿದ್ದಾರೆ."

"ತಪ್ಪು ಬರೆದಿರಬಹುದು."

"ನಲವತ್ತೇಳು ಸಲದಲ್ಲಿ ಒಂದು ಸಲಾನೂ ತಪ್ಪದವರು?" ಇನ್ಸ್‌ಪೆಕ್ಟರ್ ಸ್ವರ ತಗ್ಗಿಸಿದಳು. "ಚಿಲಕದ ಸಂದಿ ಮನೆಯವರಿಗೆ ಮಾತ್ರ ಗೊತ್ತು ಅಂದ್ರಿ. ಈ ಮನೆಗೆ ಬಂದು ಹೋಗೋ ಮನೆಯವರು ಎಷ್ಟು ಜನ ಅಮ್ಮಾ? ನಿಮ್ಮ ಯಜಮಾನರೂ 'ತಮ್ಮ' ಅಂತಲೇ ಕರೀತಿದ್ದ ನಿಮ್ಮ ತಮ್ಮನ್ನ ನೀವೇ ಸಾಕಿದ್ದಂತೆ?"

"ಮೂರು ವರ್ಷದವನಿದ್ದ, ನಮ್ಮಮ್ಮ ಹೋದಾಗ. ನನಗೆ ಹನ್ನೆರಡು. ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಹೋಗ್ತಿದ್ದೆ. ನನ್ನ ಪಾಲಿಗೆ ಉಳಿದ ಮಗು ಅವನೊಬ್ಬನೇ."

"ಮಂಗಳವಾರ ಬೆಳಿಗ್ಗೆ ಅವರು ಎಲ್ಲಿದ್ರು?"

ಆಕೆ ಪುಸ್ತಕವನ್ನು ಮುಚ್ಚಿದರು. ಅದರ ಮೇಲೆ ಎರಡೂ ಅಂಗೈಗಳನ್ನು ಊರಿದರು. ಮುಖದಲ್ಲಿದ್ದ ಗಾಬರಿಯೆಲ್ಲ ಇಳಿದು, ಬೀಗ ಹಾಕಿದ ಮನೆಯಂತೆ ಆ ಮುಖ ಸ್ತಬ್ಧವಾಯಿತು.

"ಬರ್ಕೊಳ್ಳಿ. ನಾನೇ ಹೊಡೆದದ್ದು."

"ಎಂಟೂವರೆಗೆ ನೀವು ವಾಚನಾಲಯದಲ್ಲಿದ್ರಿ. ಎಂಟು ನಲವತ್ತಕ್ಕೆ ನಿಮ್ಮ ಯಜಮಾನರು ಬದುಕಿದ್ರು. ಹತ್ತು ಜನ ಸಾಕ್ಷಿ ಇದ್ದಾರೆ."

"ಅವರೆಲ್ಲ ಪೇಪರ್ ಓದೋರು. ಪೇಪರ್ ಬಿಟ್ಟು ನನ್ನ ಮುಖ ಯಾರು ನೋಡ್ತಾರೆ? ನಾನೇ ಹೊಡೆದೆ. ಬರ್ಕೊಳ್ಳಿ ಅಂತ ಹೇಳಿದ್ನಲ್ಲ."

"ಯಾವುದರಿಂದ ಹೊಡೆದ್ರಿ?"

ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಆ ಖಾಲಿ ಕಣ್ಣುಗಳಲ್ಲಿ ಬರೆದಿಟ್ಟಷ್ಟು ಸ್ಪಷ್ಟವಾಗಿತ್ತು. ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು, ಅದರ ಹಿಂದೆಯೇ ಸಂಕಟವೂ ಬಂತು. ಇಷ್ಟು ಸಲೀಸಾಗಿ ತನ್ನನ್ನೇ ಎತ್ತಿ ಕೊಟ್ಟುಬಿಡುವ ಹೆಂಗಸಿನ ಅಂಗೈಗಳ ಕೆಳಗಿಂದ ಪುಸ್ತಕ ತೆಗೆದುಕೊಳ್ಳಲು ಅವಳು ಕೈ ಚಾಚಿದಳು.

ಅಷ್ಟರಲ್ಲಿ ಬಾಗಿಲು ಮೆಲ್ಲಗೆ ಸರಿಯಿತು.

ತಮ್ಮ ಹೊಸ್ತಿಲ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕಣ್ಣಲ್ಲಿ ನೀರು ತುಂಬಿತ್ತು. ಅಕ್ಕನನ್ನು ನೋಡಿ ನಿಧಾನವಾಗಿ ತಲೆಯಾಡಿಸಿದ.

ಆಕೆ ಅವನ ಕಡೆ ನೋಡಿದರು. ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎನ್ನುವ ನೋಟ. ಅವನು ಬಿದ್ದು ಮೊಣಕಾಲು ತರಚಿಕೊಂಡಾಗಲೂ ಹೀಗೇ ನೋಡುತ್ತಿದ್ದಿರಬೇಕು.

"ಅಕ್ಕಾ," ಎಂದ ಅವನು, ಬೆಣ್ಣೆಯಂಥ ಅದೇ ದನಿಯಲ್ಲಿ, "ಪೊಲೀಸರ ಹತ್ರ ಬಾಯಿ ಬಿಡ್ಬೇಡ ಅಂತ ಅಷ್ಟು ಹೇಳಿದ್ದೆನಲ್ಲ." ಆಮೇಲೆ ಇನ್ಸ್‌ಪೆಕ್ಟರಿನ ಕಡೆ ತಿರುಗಿ ಕೈ ಮುಗಿದ. "ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದೆ ಮೇಡಂ. ಇನ್ನು ಆಗೋದಿಲ್ಲ. ಅಕ್ಕ ಭಾವನಿಗೆ ಹೊಡೆದ ಆ ಕಬ್ಬಿಣದ ಸಲಾಕೆಯನ್ನ ಎಲ್ಲಿ ಬಚ್ಚಿಟ್ಟಿದ್ದಾಳೆ ಅಂತ ನಾನು ತೋರಿಸ್ತೀನಿ, ಬನ್ನಿ."